ಅಪ್‌ಡೇಟ್: ನೇಪಾಳಿ ಪಾಸ್‌ಪೋರ್ಟ್‌ಗೆ ಫೋಟೋ, ಉತ್ತರ ಸಿಕ್ಕಿತು

ಬೆಂಗಳೂರಿನಲ್ಲಿ ಕೆಲಸ ಮಾಡುವ ನೇಪಾಳಿ ಗೆಳೆಯನ ಪಾಸ್‌ಪೋರ್ಟ್‌ಗೆ ಯಾವ ಅಳತೆಯ ಫೋಟೋ ತೆಗೆಸಬೇಕು ಅಂತ ಕೇಳಿದ್ದೆ. ಪ್ರಶ್ನೆಯೇ ಹಳೇ ಕಾಲದ್ದು. 2021ರ ನವೆಂಬರ್‌ನಲ್ಲಿ ಇ-ಪಾಸ್‌ಪೋರ್ಟ್ (ಚಿಪ್ ಇರುವ ಪಾಸ್‌ಪೋರ್ಟ್) ಬಂದ ಮೇಲೆ ಫೋಟೋ, ಬೆರಳಚ್ಚು, ಸಹಿ ಮೂರನ್ನೂ ಪಾಸ್‌ಪೋರ್ಟ್ ಕೌಂಟರಿನಲ್ಲೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಸ್ಟುಡಿಯೋಗಿಂತ ಕೌಂಟರಿಗೆ ಹೋಗುವ ದಿನದ ವೇಷದ ಕಡೆ ಗಮನ ಕೊಡಿ.

ಹಿನ್ನೆಲೆ ತಿಳಿಬಣ್ಣದ್ದು. ಬಿಳಿ ಅಂಗಿ ಹಾಕಿದರೆ ಭುಜದ ಅಂಚು ಅದರಲ್ಲಿ ಕರಗಿಹೋಗುತ್ತದೆ. ಕಡುನೀಲಿಯೋ ಕಂದೋ ಇರಲಿ. ನೇಪಾಳಿಗರು ಹಾಕುವ ಢಾಕಾ ಟೋಪಿ, ಕನ್ನಡಕ ತೆಗೆದಿಡಿ. ಗಾಜಿನ ಮೇಲೆ ಬೆಳಕು ಮಿನುಗಿದರೆ ಕಣ್ಣು ಕಾಣುವುದಿಲ್ಲ. ಹುಬ್ಬಿನ ಮೇಲೆ ಬೀಳುವ ಕೂದಲಿಗೆ ಪಿನ್ ಹಾಕಿ. ದಸಾಯಿಂ (ನೇಪಾಳಿಗರ ದಸರಾ) ಹಬ್ಬದ ಆಸುಪಾಸು ಹೋಗುವವರು ಹಣೆ ತುಂಬಾ ಮೆತ್ತಿದ ಅಕ್ಕಿ-ಮೊಸರಿನ ಟೀಕಾ ಒರೆಸಿಕೊಂಡು ಹೋಗುವುದು ಒಳ್ಳೆಯದು! ಬಾಯಿ ಮುಚ್ಚಿರಲಿ, ನಗು ಬೇಡ.

ಎಲ್ಲಾದರೂ ಪ್ರಿಂಟ್ ಕೇಳಿದರೆ 35 × 45 ಮಿ.ಮೀ., ಅಂದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 413 × 531 ಪಿಕ್ಸೆಲ್. ಮುಖ ಫೋಟೋದ ಎತ್ತರದ ಶೇ. 70ರಿಂದ 80 ಇರಬೇಕು: ಗದ್ದದಿಂದ ನೆತ್ತಿಗೆ ಸುಮಾರು 32–36 ಮಿ.ಮೀ. ಅಮೆರಿಕ ವೀಸಾಕ್ಕೆ ತೆಗೆಸಿದ 2 × 2 ಇಂಚಿನದನ್ನು ಕತ್ತರಿಸಿದರೆ ಮುಖ ಸಾಮಾನ್ಯವಾಗಿ ಚಿಕ್ಕದಾಗೇ ಉಳಿಯುತ್ತದೆ. ಬ್ಯೂಟಿ ಫಿಲ್ಟರ್ ಅಂತೂ ಬೇಡವೇ ಬೇಡ.

ಫೋಟೋಗಿಂತ ತಲೆನೋವು ಹೆಸರಿನದು. ಆನ್‌ಲೈನ್ ಫಾರ್ಮಿನಲ್ಲಿ ನಾಗರಿಕತಾ ಪ್ರಮಾಣಪತ್ರದ (ನೇಪಾಳದ ಪೌರತ್ವ ಪತ್ರ) ಕಾಗುಣಿತವನ್ನೇ ಅಕ್ಷರಶಃ ಹಾಕಿ, ಮೂಲ ಪ್ರತಿಯನ್ನು ಜೊತೆಗೊಯ್ಯಿರಿ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.