ಸಹಾಯ ಬೇಕು: ನೆಲಗಪ್ಪೆಯ ಸ್ರಾವದಲ್ಲಿ ಕೆಲಸ ಮಾಡುತ್ತಿರುವುದು ಪೆಪ್ಟೈಡೋ, ಸ್ಟೀರಾಯ್ಡೋ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಕೆಲಗೇರಿ ಕೆರೆಯ ಬಳಿ ಸಿಗುವ ಸಾಮಾನ್ಯ ನೆಲಗಪ್ಪೆಯ ಕಣ್ಣಿನ ಹಿಂದಿನ ಉಬ್ಬು ಗ್ರಂಥಿಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥ ಅಂಟು ಸ್ರಾವ ಬರುತ್ತದೆ. (ಅನುಮತಿ ಇದೆ, ಕಪ್ಪೆಗಳನ್ನು ಅಲ್ಲೇ ಬಿಟ್ಟಿದ್ದೇವೆ, ಬೈಯಬೇಡಿ.) ಅದನ್ನು ಒಣಗಿಸಿ, ಮೆಥನಾಲ್‌ನಲ್ಲಿ ಕರಗಿಸಿ ಅಗಾರ್ ತಟ್ಟೆಯ ಗುಳಿಗಳಿಗೆ ಹಾಕಿದೆ. ಸ್ಟ್ಯಾಫಿಲೊಕಾಕಸ್ ಹರಡಿದ ತಟ್ಟೆಯಲ್ಲಿ ಗುಳಿಯ ಸುತ್ತ ತಿಳಿಯಾದ ವರ್ತುಲ ಮೂಡಿತು (ಅಂದರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ), ಇ. ಕೊಲೈ ಮಾತ್ರ ಜಗ್ಗಲಿಲ್ಲ. ಬರೀ ಮೆಥನಾಲ್ ಹಾಕಿದ ಗುಳಿಯ ಸುತ್ತ ಏನೂ ಇಲ್ಲ.

ತೊಡಕು ಇರುವುದು ಮುಂದೆ. 1987ರಲ್ಲಿ ಮೈಕೆಲ್ ಜಾಸ್ಲಾಫ್ ಆಫ್ರಿಕಾದ ಕಪ್ಪೆಯ ಚರ್ಮದಲ್ಲಿ ಕಂಡುಹಿಡಿದ ಬ್ಯಾಕ್ಟೀರಿಯಾ ಕೊಲ್ಲುವ ಮ್ಯಾಗೈನಿನ್ ಒಂದು ಪೆಪ್ಟೈಡ್ (ಅಮೈನೊ ಆಮ್ಲಗಳ ಚಿಕ್ಕ ಸರಪಳಿ). ಅದನ್ನೇ ಹಿಡಿದು ನಮ್ಮ ಮಾರ್ಗದರ್ಶಕರು ಇದನ್ನೂ ಪೆಪ್ಟೈಡ್ ಎಂದು ಬರೆಯಲು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನೆಲಗಪ್ಪೆಯ ಈ ಗ್ರಂಥಿಯಲ್ಲಿ ಹೃದಯಕ್ಕೆ ವಿಷವಾಗುವ ಬುಫಾಡೈಯನೊಲೈಡ್ ಎಂಬ ಸ್ಟೀರಾಯ್ಡ್‌ಗಳು ಧಾರಾಳವಾಗಿವೆಯಲ್ಲ! ಕುದಿಸಿದರೂ, ಪೆಪ್ಟೈಡ್‌ಗಳನ್ನು ಕತ್ತರಿಸುವ ಕಿಣ್ವ ಟ್ರಿಪ್ಸಿನ್ ಬೆರೆಸಿದರೂ ವರ್ತುಲ ಕುಗ್ಗಲಿಲ್ಲ. ಆದರೆ ಕೆಲವು ಪೆಪ್ಟೈಡ್‌ಗಳೂ ಕುದಿಸಿದರೆ ಕೆಡುವುದಿಲ್ಲ. ಮೇಲಾಗಿ ಮೆಥನಾಲ್ ಟ್ರಿಪ್ಸಿನ್ನನ್ನೇ ಕೆಡಿಸಿದ್ದರೆ?

ಮಿಶ್ರಣದ ಘಟಕಗಳನ್ನು ನಿಖರವಾಗಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರ ನಮ್ಮಲ್ಲಿಲ್ಲ. ಸ್ರಾವವನ್ನು ಎರಡು ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೊಗ್ರಫಿ) ಹಾಳೆಗಳಲ್ಲಿ ಬೇರ್ಪಡಿಸಿ, ಒಂದಕ್ಕೆ ಪೆಪ್ಟೈಡ್ ಇದ್ದಲ್ಲಿ ಬಣ್ಣ ತೋರಿಸುವ ನಿನ್‌ಹೈಡ್ರಿನ್ ಸಿಂಪಡಿಸಿ, ಇನ್ನೊಂದರ ಮೇಲೆ ಬ್ಯಾಕ್ಟೀರಿಯಾ ಬೆರೆಸಿದ ಅಗಾರ್ ಸುರಿದು ಹೋಲಿಸಿದರೆ ಸಾಕೇ? ಸಾಕಾದರೆ ಯಾವ ದ್ರಾವಕಗಳನ್ನು ಯಾವ ಪ್ರಮಾಣದಲ್ಲಿ ಬಳಸಬೇಕು?