ತರಬೇತಿ ಪಡೆದ ಸಾಮಾನ್ಯರು ಆಪ್ತಸಮಾಲೋಚನೆ ನಡೆಸಬಹುದೇ?

ಪ್ರಶ್ನೆ:
ಮನೋವೈದ್ಯರೂ ಅಲ್ಲದ, ದಾದಿಯರೂ ಅಲ್ಲದ ಸಾಮಾನ್ಯರಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ಖಿನ್ನತೆ ಮತ್ತು ಕುಡಿತದ ಸಮಸ್ಯೆಯುಳ್ಳವರಿಗೆ ಅವರಿಂದ ಆಪ್ತಸಮಾಲೋಚನೆ ಕೊಡಿಸಲು ನಮ್ಮ ಸಂಸ್ಥೆ ಯೋಚಿಸುತ್ತಿದೆ. ತಜ್ಞರು ಸಾಲದು ಎಂಬುದು ನಿಜ. ಆದರೆ ಆ ಕಾರಣಕ್ಕೆ ನೊಂದವರನ್ನು ಅರೆಬರೆ ಕಲಿತವರ ಕೈಗೆ ಒಪ್ಪಿಸುವುದು ಸರಿಯೇ?

ಉತ್ತರ 1:
'ಅರೆಬರೆ' ಎಂಬ ಮಾತಿಗೆ ನನ್ನ ತಕರಾರಿದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಂಗಾತ್ ಸಂಸ್ಥೆ ನಡೆಸಿ, 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಸಮಾಲೋಚಕರನ್ನು ಆರರಿಂದ ಎಂಟು ಬಾರಿ ಭೇಟಿಯಾದ ತೀವ್ರ ಖಿನ್ನತೆಯವರಲ್ಲಿ ಶೇ. 64ರಷ್ಟು ಮಂದಿ ಮೂರು ತಿಂಗಳಲ್ಲಿ ಚೇತರಿಸಿಕೊಂಡಿದ್ದರು. ಕೇಂದ್ರದ ವೈದ್ಯರ ಆರೈಕೆಯನ್ನಷ್ಟೇ ಪಡೆದವರಲ್ಲಿ ಆ ಪ್ರಮಾಣ ಶೇ. 39. ಆ ಸಮಾಲೋಚಕರು ಮಾಡಿದ್ದು ಮನಸ್ಸಿನ ಆಳ ಕೆದಕುವ ಕೆಲಸವಲ್ಲ. ಹಾಸಿಗೆ ಬಿಟ್ಟೇಳದ ವ್ಯಕ್ತಿಯೊಡನೆ ಕುಳಿತು, ಈ ವಾರ ಸಂಜೆ ಹತ್ತು ನಿಮಿಷ ನಡೆಯುವುದು ಸಾಧ್ಯವೇ ಎಂದು ಕೇಳಿ, ಮುಂದಿನ ವಾರ ಅದೇನಾಯಿತೆಂದು ಮರೆಯದೆ ವಿಚಾರಿಸುವುದು, ಆಗದಿದ್ದರೆ ಅಡ್ಡಬಂದದ್ದೇನೆಂದು ಜೊತೆಗೂಡಿ ಹುಡುಕುವುದು. ಇದನ್ನು ಕಲಿಯಲು ವೈದ್ಯಕೀಯ ಪದವಿ ಬೇಕಿಲ್ಲ.

ಉತ್ತರ 2:
ಕುಡಿತದ ವಿಷಯದಲ್ಲಿ ಮಾತ್ರ ಗೆರೆಯೊಂದನ್ನು ಎಳೆದುಕೊಳ್ಳಿ. ಅದೇ ಸರಣಿಯ ಮದ್ಯಪಾನದ ಅಧ್ಯಯನ, ಕುಡಿತದ ತೀವ್ರತೆ ಅಳೆಯುವ 'ಆಡಿಟ್' ಪ್ರಶ್ನಾವಳಿಯಲ್ಲಿ 12ರಿಂದ 19 ಅಂಕ ಬಂದ ಪುರುಷರನ್ನು, ಅಂದರೆ ಹಾನಿಕರವಾಗಿ ಕುಡಿಯುವವರನ್ನು, ಆರಿಸಿಕೊಂಡಿತ್ತು. ಅಲ್ಲಿ ಲಾಭವೂ ಸಾಧಾರಣವೇ: ಮೂರು ತಿಂಗಳಲ್ಲಿ ಕುಡಿತ ಹತೋಟಿಗೆ ಬಂದವರು ಸಮಾಲೋಚನೆ ಇಲ್ಲದವರಲ್ಲಿ ಶೇ. 26, ಪಡೆದವರಲ್ಲಿ ಶೇ. 36. ಬೆಳಗ್ಗೆ ಲೋಟ ಹಿಡಿದರೆ ಕೈ ನಡುಗುವವರ, ಹಿಂದೊಮ್ಮೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದವರ ಕಥೆಯೇ ಬೇರೆ. ಅಂಥವರಿಗೆ 'ಇವತ್ತೇ ಬಿಟ್ಟುಬಿಡಿ' ಎಂದು ಹುರಿದುಂಬಿಸುವುದು ಜೀವಕ್ಕೇ ಎರವಾಗಬಹುದು. ಅವರನ್ನು ಮೊದಲು ವೈದ್ಯರ ಬಳಿಗೆ ಕಳಿಸಬೇಕು. ಆತ್ಮಹತ್ಯೆಯ ಮಾತು ಬಂದಾಗಲೂ ಯಾರಿಗೆ ಫೋನ್ ಮಾಡಬೇಕೆಂಬುದು ಮೊದಲ ದಿನದಿಂದಲೇ ಗೊತ್ತಿರಬೇಕು.

ಉತ್ತರ 3:
ತರಬೇತಿಯ ವಾರಗಳನ್ನು ಎಣಿಸುವ ಬದಲು, ಅದು ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ನಾನು ಕೆಲಸ ಮಾಡಿದ ಗುಂಪಿನಲ್ಲಿ, ಅನುಮತಿ ಪಡೆದು ಮಾಡಿದ ಧ್ವನಿಮುದ್ರಣವೊಂದನ್ನು ವಾರಕ್ಕೊಮ್ಮೆ ಎಲ್ಲರೂ ಕೇಳಿ ಅಂಕ ಕೊಡುತ್ತಿದ್ದೆವು. ನನ್ನದೇ ಧ್ವನಿ ಕೇಳಿದಾಗ, ಎದುರಿನವರು ಅಳುತ್ತಿದ್ದ ಹೊತ್ತಿನಲ್ಲಿ ನಾನು ಮೂರು ಬಾರಿ ಬುದ್ಧಿ ಹೇಳಿದ್ದೆನೆಂದು ತಿಳಿದು ನಾಚಿಕೆಯಾಯಿತು. ಕೈಪಿಡಿ ಓದಿದರೂ ಬಿಡದಿದ್ದ ಬುದ್ಧಿ ಹೇಳುವ ಚಟ ಅಲ್ಲಿ ಬಿಟ್ಟಿತು. ಇಂಥ ವಾರಕ್ಕೊಮ್ಮೆಯ ಸಭೆಗೆ ಹಣವಿಲ್ಲದಿದ್ದರೆ ಯೋಜನೆಯನ್ನು ಮುಂದೂಡಿ.

ಪ್ರಶ್ನೆ ಕೇಳಿದವರು:
ನಮ್ಮ ಆಯವ್ಯಯದಲ್ಲಿ ತರಬೇತಿಗೆ ಹಣವಿದೆ, ಮೇಲ್ವಿಚಾರಣೆಗೆ ಕಾಲಮ್ಮೇ ಇಲ್ಲ. ಅದನ್ನು ಸೇರಿಸಿ ಮತ್ತೆ ಲೆಕ್ಕ ಹಾಕುತ್ತೇನೆ.