600 ಪ್ರತಿಗೆ ಶೇ. 60 ರಿಯಾಯಿತಿ ಕೇಳುತ್ತಿದ್ದಾರೆ, ಒಪ್ಪಬಹುದೇ?

ಹೊಸಪ್ರಕಾಶನ:
ಆರೋಗ್ಯದ ಬಗ್ಗೆ ಕನ್ನಡ ಪುಸ್ತಕ. ಡೆಮಿ 1/8 (ಸಾಧಾರಣ ಪುಸ್ತಕದ ಅಳತೆ), 160 ಪುಟ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೊ ಕಾಗದ, ಬೆಲೆ 180 ರೂ. 1000 ಪ್ರತಿ ಇನ್ನೆರಡು ವಾರದಲ್ಲಿ ಅಚ್ಚಿಗೆ ಹೋಗಬೇಕು. ಪ್ರತಿಗೆ 56 ರೂ. ಬೀಳುತ್ತದೆ ಎಂದು ಪ್ರೆಸ್‌ನವರ ಅಂದಾಜು. ಈಗ ಒಂದು ಸಹಕಾರಿ ಬ್ಯಾಂಕು ರಾಜ್ಯೋತ್ಸವಕ್ಕೆ ಸದಸ್ಯರಿಗೆ ಹಂಚಲು 600 ಪ್ರತಿ ಕೇಳಿದೆ, ಆದರೆ ಶೇ. 60 ರಿಯಾಯಿತಿ ಬೇಕಂತೆ. ಕೈಗೆ ಬರುವುದು 72 ರೂ. ಲೇಖಕರಿಗೆ ಮುಖಬೆಲೆಯ ಶೇ. 10, ಅಂದರೆ 18 ರೂ. ಕೊಡಬೇಕು. 56ಕ್ಕೆ 18 ಸೇರಿಸಿದರೆ 74. ಸಾಗಣೆಗೆ ಮೊದಲೇ ಎರಡು ರೂಪಾಯಿ ನಷ್ಟ. ಅಂಗಡಿಗಳಿಗೆ ಕೊಡುವ ರಿಯಾಯಿತಿ ಶೇ. 40. ಈ ಆರ್ಡರ್ ಬಿಡುವುದೇ ಒಳ್ಳೆಯದಾ?

ಅಚ್ಚುಮೊಳೆ:
ಬಿಡಬೇಡಿ. ನೀವು ಹಿಡಿದಿರುವ 56 ಈ ಆರ್ಡರಿಗೆ ಸಲ್ಲುವ ಲೆಕ್ಕವೇ ಅಲ್ಲ. ಅದರಲ್ಲಿ ಪುಟವಿನ್ಯಾಸ, ಕರಡು ತಿದ್ದುವಿಕೆ, ಮುಖಪುಟ ವಿನ್ಯಾಸ, ಪ್ಲೇಟು, ಮಷಿನ್ ಸಜ್ಜು ಮಾಡುವ ಖರ್ಚು ಎಲ್ಲ ಸೇರಿದೆ. ಇದನ್ನೆಲ್ಲ ಮೊದಲ 1000 ಪ್ರತಿ ಹೊರುತ್ತವೆ. ಅದೇ ಓಟದಲ್ಲಿ, ಅಂದರೆ ಮಷಿನ್ ನಿಲ್ಲಿಸದೆ ಒಂದೇ ಸಲಕ್ಕೆ, 1600 ಹೊಡೆಸಿದರೆ ಹೆಚ್ಚಿನ 600ಕ್ಕೆ ಕಾಗದ, ಓಟದ ಕೂಲಿ, ಲ್ಯಾಮಿನೇಷನ್, ಬೈಂಡಿಂಗ್ ಇಷ್ಟೇ.

ಕಾಗದವನ್ನು ನೀವೇ ಲೆಕ್ಕ ಹಾಕಿ ನೋಡಿ. 23×36 ಇಂಚಿನ ಡಬಲ್ ಡೆಮಿ ಹಾಳೆಯಲ್ಲಿ 32 ಪುಟ ಬರುತ್ತದೆ, 160 ಪುಟಕ್ಕೆ 5 ಹಾಳೆ. 600 ಪ್ರತಿಗೆ 3000 ಹಾಳೆ, ಅಂದರೆ 500 ಹಾಳೆಯ 6 ರೀಮು. 70 ಜಿಎಸ್‌ಎಂನಲ್ಲಿ ಈ ಅಳತೆಯ ರೀಮು 18.6 ಕಿಲೋ ತೂಗುತ್ತದೆ. ಒಟ್ಟು ಸುಮಾರು 112 ಕಿಲೋ. ಕಿಲೋಗೆ 90 ರೂ. ಹಿಡಿದು, ಶೇ. 3 ಹಾಳಾಗುವುದೆಂದು ಬಿಟ್ಟರೂ ಪ್ರತಿಗೆ 17 ರೂ. ಚಿಲ್ಲರೆ. ಉಳಿದದ್ದೆಲ್ಲ ಸೇರಿ ಪ್ರತಿಗೆ ಒಟ್ಟು 40 ದಾಟಬಾರದು. ಪ್ರೆಸ್‌ನಲ್ಲಿ “1600ಕ್ಕೆ ಎಷ್ಟು” ಅಂತಷ್ಟೇ ಕೇಳಬೇಡಿ, “1000ದ ಮೇಲಿನ ಪ್ರತಿ ನೂರಕ್ಕೆ ಎಷ್ಟು” ಎಂದು ಬರೆಸಿಕೊಳ್ಳಿ.

ಇದು ಪ್ಲೇಟು ಮಾಡಿ ಹೊಡೆಯುವ ಆಫ್‌ಸೆಟ್‌ನ ಮಾತು. ಡಿಜಿಟಲ್‌ನಲ್ಲಿ ಹೊಡೆಸಿದರೆ ಪ್ರತಿ ಹೆಚ್ಚಿದಂತೆ ದರ ಇಷ್ಟು ಇಳಿಯುವುದಿಲ್ಲ. ಹಾಗೆಯೇ, ಬ್ಯಾಂಕಿನ ತೀರ್ಮಾನ ಒಂದು ತಿಂಗಳು ತಡವಾಗಿ ಬಂದು 600ನ್ನೇ ಬೇರೆಯಾಗಿ ಹೊಡೆಸಬೇಕಾದರೆ ಮಷಿನ್ ಸಜ್ಜಿನ ಖರ್ಚು ಮತ್ತೊಮ್ಮೆ ಬೀಳುತ್ತದೆ, ಪ್ರೆಸ್‌ನವರು ಪ್ಲೇಟು ಇಟ್ಟುಕೊಂಡಿರದಿದ್ದರೆ ಅದೂ. ಆಗ 72ಕ್ಕೆ ಒಪ್ಪಲಾಗದು. ಅದಕ್ಕೇ ಅಚ್ಚಿಗೆ ಹೋಗುವ ಮುನ್ನ ಲಿಖಿತ ಆರ್ಡರ್, ಶೇ. 60 ಮುಂಗಡ ಪಡೆಯಿರಿ. 43,200ರಲ್ಲಿ ಅದು 25,920 ರೂ.; 600ರ ಅಚ್ಚಿನ ಖರ್ಚು 24,000 ಅಲ್ಲಿಗೇ ತೀರಿತು.

ಕರಾರುಪತ್ರ:
ಅಚ್ಚಿನ ಲೆಕ್ಕ ಸರಿ ಇದೆ. ಗೌರವಧನದ ಷರತ್ತನ್ನೂ ಈಗಲೇ ಸರಿಮಾಡಿಕೊಳ್ಳಿ. ಒಪ್ಪಂದದಲ್ಲಿ ಮುಖಬೆಲೆಯ ಶೇ. 10 ಎಂದಿರುವಾಗ ನೀವಾಗಿಯೇ ಕಡಿಮೆ ಮಾಡುವಂತಿಲ್ಲ. ಈ ಆರ್ಡರಿಗೆ ಮಾತ್ರ ಅನ್ವಯಿಸುವಂತೆ ಪ್ರತಿಗಳ ಸಂಖ್ಯೆ, ದರ ನಮೂದಿಸಿ ಲೇಖಕರ ಒಪ್ಪಿಗೆ ಪತ್ರ ಪಡೆಯಿರಿ.

ಮುಂದಿನ ಒಪ್ಪಂದಗಳಿಗೆ ಹಲವರು ಬರೆಯುವ ಷರತ್ತು ಹೀಗಿರುತ್ತದೆ: “ರಿಯಾಯಿತಿ ಶೇ. 50 ದಾಟಿದರೆ, ಕೈಗೆ ಬಂದ ಹಣದ ಶೇ. 10.” ದಯವಿಟ್ಟು ಇದನ್ನು ನಕಲು ಮಾಡಬೇಡಿ. 180ರ ಪುಸ್ತಕವನ್ನು ಶೇ. 50ಕ್ಕೆ ಕೊಟ್ಟರೆ 90 ಬರುತ್ತದೆ, 18 ಲೇಖಕರಿಗೆ, 72 ಪ್ರಕಾಶಕರಿಗೆ. ಶೇ. 52ಕ್ಕೆ ಕೊಟ್ಟರೆ 86.40 ಬರುತ್ತದೆ, ಲೇಖಕರಿಗೆ 8.64, ಪ್ರಕಾಶಕರಿಗೆ 77.76! ಶೇ. 55ರವರೆಗೂ ಇದೇ ಕಥೆ. ಹೆಚ್ಚು ರಿಯಾಯಿತಿ ಕೊಟ್ಟರೂ ಪ್ರಕಾಶಕರಿಗೆ ಶೇ. 50ಕ್ಕೆ ಕೊಟ್ಟಾಗಿನದಕ್ಕಿಂತ ಹೆಚ್ಚು ಸಿಗುತ್ತದೆ, ಅಷ್ಟೂ ಲೇಖಕರ ಜೇಬಿನಿಂದ. ಇದು ಅನ್ಯಾಯ, ಲೇಖಕರಿಗೆ ಗೊತ್ತಾದ ದಿನ ಸಂಬಂಧ ಮುರಿಯುತ್ತದೆ.

ಶೇ. 50 ದಾಟಿದ ಮೇಲೆ “ಬಂದ ಹಣದ ಶೇ. 20” ಎಂದು ಬರೆಯಿರಿ. 90ರ ಶೇ. 20 ಕೂಡ 18 ರೂಪಾಯಿಯೇ, ಹಾಗಾಗಿ ಗಡಿಯಲ್ಲಿ ಜಿಗಿತವಿಲ್ಲ. ಲೇಖಕರು ಇದಕ್ಕೆ ಒಪ್ಪಿದರೆ ನಿಮ್ಮ ಆರ್ಡರಿನಲ್ಲಿ ಅವರಿಗೆ 14.40, ನಿಮಗೆ 57.60. ಅಚ್ಚಿಗೆ 40 ಕಳೆದರೆ 17.60, ಅಂದರೆ 600 ಪ್ರತಿಗೆ 10,560 ರೂ. ಸಾಗಣೆ ಇದರಿಂದಲೇ ಹೋಗಬೇಕು. ವಾರ್ಷಿಕ ಲೆಕ್ಕಪತ್ರದಲ್ಲಿ ಈ ಮಾರಾಟವನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ಅಂಗಡಿ ಮಾರಾಟದ ಜೊತೆ ಬೆರೆಸಬೇಡಿ.

ಗೋದಾಮು:
ಇಂಥ ಆರ್ಡರುಗಳಲ್ಲಿ ಹೆಚ್ಚು ಕೆಡುವುದು ಪ್ರತಿಗಳು ಹೊರಗೆ ಸೋರಿದಾಗ. ಹಂಚಿ ಉಳಿದ ನೂರಿನ್ನೂರು ಪ್ರತಿ ಆನ್‌ಲೈನ್ ಮಾರಾಟಗಾರರ ಕೈಗೆ ಸಿಕ್ಕರೆ 90 ರೂ.ಗೆ ಪಟ್ಟಿಯಾಗುತ್ತವೆ. ನಿಮ್ಮಿಂದ 108ಕ್ಕೆ ಕೊಂಡ ಅಂಗಡಿಯವರು ಪುಸ್ತಕ ವಾಪಸ್ ಕಳಿಸುತ್ತಾರೆ. ಆದ್ದರಿಂದ ಬ್ಯಾಂಕಿನ ಪ್ರತಿಗಳು ಕಣ್ಣಿಗೆ ಬೇರೆಯಾಗಿ ಕಾಣಬೇಕು. ಹಿಂಬದಿ ರಕ್ಷಾಪುಟದಲ್ಲಿ “ಸದಸ್ಯರಿಗೆ ಉಚಿತ ಪ್ರತಿ, ಮಾರಾಟಕ್ಕಲ್ಲ” ಎಂದು ಕಪ್ಪು ಅಕ್ಷರದಲ್ಲಿ ಅಚ್ಚಾದರೆ ಸಾಕು. ಮುಖಪುಟದ ನಾಲ್ಕು ಬಣ್ಣದಲ್ಲಿ ಕಪ್ಪು ಪ್ಲೇಟು ಒಂದನ್ನೇ ಬದಲಿಸಿದರೆ ಆಯಿತು. ಬ್ಯಾಂಕಿನ ಅಧ್ಯಕ್ಷರ ಸಂದೇಶ ಹಾಕುವುದಾದರೆ ಅದಕ್ಕೆ ಒಳಗೂ ಒಂದು ಪ್ಲೇಟು. ಸ್ಟಿಕ್ಕರ್ ಬೇಡ, ಕಿತ್ತು ಮಾರುತ್ತಾರೆ. ಒಳಗಿನ ಪಠ್ಯ, ಬೈಂಡಿಂಗ್ ಅದೇ ಆದ್ದರಿಂದ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಬದಲಿಸಬೇಕಿಲ್ಲ.

ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಟ್ಯಾಕ್ಸ್ ಇನ್‌ವಾಯ್ಸ್ ಬದಲು ಬಿಲ್ ಆಫ್ ಸಪ್ಲೈ (ತೆರಿಗೆ ಇಲ್ಲದ ಸರಕಿನ ಬಿಲ್ಲು) ಕೊಡಿ; ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಪರವಾನಗಿ) ಬೇಡ, ಆದರೆ ಬಿಲ್ಲಿನ ಪ್ರತಿ ಲಾರಿಯಲ್ಲಿರಲಿ. ಕಾಗದ, ಮುದ್ರಣಕ್ಕೆ ನೀವು ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ, ಅದನ್ನು ವೆಚ್ಚಕ್ಕೇ ಸೇರಿಸಿ. ಮೇಲಿನ 40ರಲ್ಲಿ ಅದು ಇದೆಯೇ ಎಂದು ಪ್ರೆಸ್‌ನವರನ್ನು ಕೇಳಿ.

ತೂಕ ಪ್ರತಿಗೆ ಸುಮಾರು 200 ಗ್ರಾಂ. 40ರ ಕಟ್ಟು 8 ಕಿಲೋ, ಒಟ್ಟು 15 ಕಟ್ಟು, 120 ಕಿಲೋ. ಒಂದೇ ವಿಳಾಸಕ್ಕಾದರೆ ಲಾರಿ ಪಾರ್ಸೆಲ್ ಅಗ್ಗ. “ನಮ್ಮ ಶಾಖೆಗಳಿಗೆ ನೀವೇ ಕಳಿಸಿ” ಎಂದರೆ ಸಾಗಣೆ ಬೇರೆ ಎಂದು ಮೊದಲೇ ಹೇಳಿ. 2025ರ ಮೇ 1ರಿಂದ ಅಂಚೆಯಲ್ಲಿ ಪುಸ್ತಕಗಳಿಗೆಂದೇ ಅಗ್ಗದ ಜ್ಞಾನ ಪೋಸ್ಟ್ ಇದೆ: ತೂಕಕ್ಕೆ ತಕ್ಕ ದರ, ಗರಿಷ್ಠ 5 ಕಿಲೋಗೆ 100 ರೂ., ಮೇಲೆ ತೆರಿಗೆ. ರಟ್ಟಿನ ಪೆಟ್ಟಿಗೆಯ ತೂಕವೂ ಸೇರುವುದರಿಂದ 22 ಪ್ರತಿ ಮೀರಿಸಬೇಡಿ. ಜಾಹೀರಾತು ಇರುವ ಪುಸ್ತಕ ಅದರಲ್ಲಿ ಹೋಗದು. ಠೇವಣಿ ಬಡ್ಡಿದರದ ಪುಟ ಹಾಕಿ ಎಂದು ಬ್ಯಾಂಕು ಕೇಳಿದರೆ ಇದನ್ನು ನೆನಪಿಡಿ.

ಹೊಸಪ್ರಕಾಶನ:
ತುಂಬಾ ಉಪಕಾರವಾಯಿತು. 1600ಕ್ಕೆ ದರ ಕೇಳಿದ್ದೇನೆ. ಬ್ಯಾಂಕಿನವರು ಮುಂಗಡ ಕೊಡುತ್ತಾರೆ, ಬಾಕಿಗೆ 90 ದಿನ ಕೇಳುತ್ತಿದ್ದಾರೆ.

ಕರಾರುಪತ್ರ:
90 ದಿನ ಒಪ್ಪಬೇಕಿಲ್ಲ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿ, ಉಚಿತ. ಕಿರು ಮತ್ತು ಸಣ್ಣ ಉದ್ಯಮಕ್ಕೆ ಲಿಖಿತ ಕರಾರಿದ್ದರೂ ಕೊಳ್ಳುವವರು 45 ದಿನದೊಳಗೆ ಕೊಡಬೇಕು, ಕರಾರಿಲ್ಲದಿದ್ದರೆ 15. ನೋಂದಣಿ ಸಂಖ್ಯೆ ಬಿಲ್ಲಿನ ಮೇಲಿರಲಿ. ತಡವಾಗಿ, ಆ ಹಣಕಾಸು ವರ್ಷದೊಳಗೂ ಹಣ ಕೊಡದಿದ್ದರೆ ಆ ವೆಚ್ಚವನ್ನು ಅವರು ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆಯಲಾಗದು, ಅವರ ಆಡಿಟರ್‌ಗೆ ಇದು ಗೊತ್ತಿರುತ್ತದೆ. “ಖಚಿತ ಮಾರಾಟ, ವಾಪಸಾತಿ ಇಲ್ಲ” ಎಂಬ ಸಾಲೂ ಆರ್ಡರಿನಲ್ಲಿ ಬೇಕು.

ಅಂಗಡಿಸಾಲು:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೇಳಿದ ತಕ್ಷಣ ಶೇ. 60 ಒಪ್ಪಬೇಡಿ. ನವೆಂಬರ್‌ನಲ್ಲಿ ಸರ್ಕಾರಿ ಪ್ರಕಟಣೆಗಳು ಅರ್ಧ ಬೆಲೆಗೆ ಸಿಗುವುದನ್ನು ನೋಡಿ ಎಲ್ಲರೂ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಅವುಗಳ ಬೆನ್ನಿಗೆ ಅನುದಾನವಿದೆ, ನಿಮಗಿಲ್ಲ. ದರಪಟ್ಟಿ ಮೊದಲೇ ಮಾಡಿಡಿ: 50 ಪ್ರತಿಗೆ ಶೇ. 40, 100ಕ್ಕೆ 45, 300ಕ್ಕೆ 50, 500 ದಾಟಿದರೆ 55. ಶೇ. 55ಕ್ಕೆ 81 ರೂ. ಬರುತ್ತದೆ, ಬಂದ ಹಣದ ಶೇ. 20 ಲೇಖಕರಿಗೆ, 40 ಅಚ್ಚಿಗೆ ಕಳೆದು 24.80, ಅಂದರೆ 14,880 ರೂ. ಉಳಿಯುತ್ತದೆ. ಬ್ಯಾಂಕಿಗೆ ಹೆಚ್ಚಾಗುವುದು 5,400 ಮಾತ್ರ. ಆ ಐದು ಶೇಕಡಕ್ಕೆ ಬದಲಾಗಿ ಅಧ್ಯಕ್ಷರ ಸಂದೇಶದ ಪುಟವನ್ನು ಪುಕ್ಕಟೆ ಕೊಡಿ. ಹಂಚುವವರಿಗೆ ತಮ್ಮ ಹೆಸರು ಅಚ್ಚಾಗುವುದೇ ಮುಖ್ಯ, ಸಾಮಾನ್ಯವಾಗಿ ಒಪ್ಪುತ್ತಾರೆ.

ಮದುವೆಯಲ್ಲಿ ಹಂಚಲು ಕೇಳುವವರಿಗೂ ಇದೇ ಪಟ್ಟಿ ಸಾಕು. ಅಲ್ಲಿ ದಿನಾಂಕ ಜರುಗುವುದಿಲ್ಲವಾದ್ದರಿಂದ ಹತ್ತು ದಿನ ಮೊದಲೇ ಪುಸ್ತಕ ತಲುಪುವಂತೆ ನೋಡಿಕೊಳ್ಳಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಮಾತ್ರ ಈ ಲೆಕ್ಕಕ್ಕೆ ಎಳೆಯಬೇಡಿ. ಅಲ್ಲಿ ಪುಟಕ್ಕಿಷ್ಟು ಎಂದು ಸರ್ಕಾರವೇ ದರ ಕಟ್ಟುತ್ತದೆ, ಹಣವೂ ತಡವಾಗಿ ಬರುತ್ತದೆ. “ಮಾರಾಟಕ್ಕಲ್ಲ” ಎಂದಿರುವ ಕಟ್ಟು ತಪ್ಪಿ ಅಲ್ಲಿಗೆ ಹೋಗದಂತೆ ಬ್ಯಾಂಕಿನ ಕಟ್ಟುಗಳ ಮೇಲೆ ಪ್ರೆಸ್‌ನಲ್ಲೇ ಬೇರೆ ಬಣ್ಣದ ಚೀಟಿ ಹಚ್ಚಿಸಿ.